ಹರಕೆ ತೀರಿಸಿದ ಮೇಲಿನ ಕೆಲಸ: ಮನಸ್ಸು ವಾಸಿಯಾಗಲು ನಮ್ಮ ಪಾಲಿನ ಹೊಣೆ, ಹಂತ ಹಂತವಾಗಿ

ಶನಿವಾರ ತುಮಕೂರಿನಿಂದ ಪಾವಗಡಕ್ಕೆ ಹೋಗುವ ಬಸ್ಸಿನಲ್ಲಿ ಎಷ್ಟೋ ಜನ ಶನಿಮಹಾತ್ಮನ ದರ್ಶನಕ್ಕೆ ಹೊರಟವರೇ ಇರುತ್ತಾರೆ. ಒಬ್ಬರಿಗೆ ಸಾಲ, ಇನ್ನೊಬ್ಬರಿಗೆ ಕಾಯಿಲೆ, ಮತ್ತೊಬ್ಬರ ಮನೆಯಲ್ಲಿ ಅಣ್ಣತಮ್ಮಂದಿರು ಮಾತು ಬಿಟ್ಟಿರುತ್ತಾರೆ. ಎಡೆಯೂರಿನ ಸಿದ್ಧಲಿಂಗೇಶ್ವರರ ಗದ್ದುಗೆ, ಗೊರವನಹಳ್ಳಿಯ ಮಹಾಲಕ್ಷ್ಮಿ, ದೇವರಾಯನದುರ್ಗದ ನರಸಿಂಹಸ್ವಾಮಿ. ನಮ್ಮ ಜಿಲ್ಲೆಯಲ್ಲಿ ಮನಸ್ಸಿನ ಭಾರ ಇಳಿಸುವ ಜಾಗಗಳಿಗೆ ಕೊರತೆ ಇಲ್ಲ. ಅಲ್ಲಿ ಕೈ ಮುಗಿದು ನಿಂತಾಗ ಎದೆ ಹಗುರಾಗುವುದು ನಿಜ. ಅದನ್ನು ನಾನು ಪೂರ್ತಿ ನಂಬುತ್ತೇನೆ.

ಆದರೆ ಸೋಮವಾರ ಬೆಳಿಗ್ಗೆ ಮತ್ತೆ ಅದೇ ಮನೆ, ಅದೇ ಸಿಟ್ಟು, ಅದೇ ನಿದ್ದೆಗೆಟ್ಟ ಕಣ್ಣು. ಆಗ ಏನು ಮಾಡಬೇಕು? ಈ ಬರಹ ಅದರ ಬಗ್ಗೆ.

ದುಡ್ಡು ಕೊಟ್ಟು ಹೋಮ ಮಾಡಿಸಬಹುದು. ಹೆಂಡತಿಯ ಹತ್ತಿರ ಕ್ಷಮೆ ಕೇಳುವುದನ್ನು ದುಡ್ಡು ಕೊಟ್ಟು ಮಾಡಿಸಲು ಆಗುವುದಿಲ್ಲ. ನಮ್ಮ ನಾಲಿಗೆಯನ್ನು ಪೂಜಾರಿ ಹಿಡಿಯಲಾರರು, ನಮ್ಮ ರಾತ್ರಿಯ ಮೊಬೈಲನ್ನು ಸ್ವಾಮೀಜಿ ಬಂದು ಆರಿಸಲಾರರು. ದೇವರ ಕೃಪೆಗೆ ಒಂದು ಪಾಲು ಇದೆ, ಡಾಕ್ಟರಿಗೆ ಒಂದು ಪಾಲು ಇದೆ. ನಮಗೂ ಒಂದು ಪಾಲು ಇದೆ. ಅದು ಚಿಕ್ಕದು, ಆದರೆ ಅದನ್ನು ಬೇರೆ ಯಾರಿಗೂ ವಹಿಸಿಕೊಡಲು ಆಗುವುದಿಲ್ಲ.

ಮೊದಲ ಗುರಿ ಒಂದು ಮಂಡಲ, ಅಂದರೆ 41 ದಿನ ಅಂತ ಇಟ್ಟುಕೊಳ್ಳಿ. ಖರ್ಚು ಒಂದು ನೋಟ್‌ಬುಕ್ಕು, ಒಂದು ಪೆನ್ನು, ಅಷ್ಟೇ.

ಹಂತ 1: ಭಾರವನ್ನು ಮೂರು ಪಾಲು ಮಾಡಿ

ನೋಟ್‌ಬುಕ್ಕಿನಲ್ಲಿ ಮೂರು ಪುಟ ಬಿಡಿ. ಮೊದಲ ಪುಟ ಡಾಕ್ಟರಿಗೆ ಸೇರಿದ್ದು. ಎರಡನೆಯದು ಬೇರೆಯವರ ಕೈಯಲ್ಲಿರುವುದು. ಮೂರನೆಯದು ನನ್ನ ಕೈಯಲ್ಲಿರುವುದು. ಮನಸ್ಸಿಗೆ ಚುಚ್ಚುವುದನ್ನೆಲ್ಲ ಈ ಮೂರರಲ್ಲಿ ಒಂದು ಕಡೆ ಬರೆಯಿರಿ. ಒಂದೇ ದಿನದಲ್ಲಿ ಮುಗಿಯಬೇಕಾಗಿಲ್ಲ.

ಮೊದಲ ಪುಟವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಎರಡು ವಾರಕ್ಕಿಂತ ಜಾಸ್ತಿ ದಿನ ಸರಿಯಾಗಿ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಮೊದಲು ಇಷ್ಟವಾಗುತ್ತಿದ್ದ ಯಾವ ಕೆಲಸವೂ ಬೇಡ ಅನಿಸುತ್ತದೆ ಅಂದರೆ ಅದು ಆಸ್ಪತ್ರೆಗೆ ಹೋಗುವ ವಿಷಯ. ಥೈರಾಯ್ಡ್ ಕಡಿಮೆಯಾದರೂ ಮನಸ್ಸು ಮಂಕಾಗುತ್ತದೆ. ರಕ್ತ ಕಡಿಮೆ ಇದ್ದರೂ ಯಾವಾಗಲೂ ಸುಸ್ತು. ಮಾಂಸ, ಮೊಟ್ಟೆ ತಿನ್ನದವರಲ್ಲಿ ವಿಟಮಿನ್ ಬಿ12 ಕೊರತೆ ಸಾಮಾನ್ಯ, ಅದರಿಂದಲೂ ಹೀಗೆ ಆಗಬಹುದು. ಒಂದು ರಕ್ತಪರೀಕ್ಷೆಯಲ್ಲಿ ತಿಳಿಯುವ ವಿಷಯಕ್ಕೆ ವರ್ಷಗಟ್ಟಲೆ ಗ್ರಹಚಾರ ಅಂತ ಅಲೆಯುವುದನ್ನು ನೋಡಿದರೆ ಸಂಕಟವಾಗುತ್ತದೆ.

ಯಾರೂ ಇಲ್ಲದಾಗ ಮಾತು ಕೇಳಿಸುವುದು, ಎಲ್ಲರೂ ನನ್ನ ವಿರುದ್ಧ ಸಂಚು ಮಾಡುತ್ತಿದ್ದಾರೆ ಅನಿಸುವುದು, ಫಿಟ್ಸ್ ಬರುವುದು: ಇವನ್ನು ನಮ್ಮ ಕಡೆ ಗಾಳಿ ಸೋಕಿದೆ ಅನ್ನುತ್ತಾರೆ. ಇವಕ್ಕೆಲ್ಲ ಒಳ್ಳೆಯ ಔಷಧಿ ಇದೆ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋರೋಗದ ವೈದ್ಯರು ಸಿಗುತ್ತಾರೆ. ಹೋಗಲು ಸಂಕೋಚವಾದರೆ ಮೊದಲು 14416ಕ್ಕೆ ಫೋನ್ ಮಾಡಿ. ಅದು ಟೆಲಿ-ಮಾನಸ್ ಅಂತ, 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರಿ ಸಹಾಯವಾಣಿ. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಬದುಕೇ ಬೇಡ ಅನಿಸುತ್ತಿದ್ದರೆ ಈ ಬರಹ ಓದಿ ಮುಗಿಸಲು ಕಾಯಬೇಡಿ. ಈಗಲೇ ಕರೆ ಮಾಡಿ, ಮನೆಯಲ್ಲಿ ಒಬ್ಬರಿಗಾದರೂ ಹೇಳಿ.

ಮಾತ್ರೆಗೂ ಜಪಕ್ಕೂ ಜಗಳ ಇಲ್ಲ. ಎರಡನ್ನೂ ಒಟ್ಟಿಗೆ ಮಾಡಬಹುದು. ಧ್ಯಾನ ಶುರು ಮಾಡಿದೆ ಅಂತ ಬಿಪಿ, ಶುಗರ್, ಮನಸ್ಸಿನ ಮಾತ್ರೆ ಯಾವುದನ್ನೂ ನೀವಾಗಿ ನಿಲ್ಲಿಸಬೇಡಿ.

ಎರಡನೆಯ ಪುಟದಲ್ಲಿ ಮಳೆ, ತಿಪಟೂರು ಮಾರುಕಟ್ಟೆಯ ಕೊಬ್ಬರಿ ರೇಟು, ಅತ್ತೆಯ ಸ್ವಭಾವ, ಮಗನ ಮೇಲಧಿಕಾರಿ. ಇವಕ್ಕಾಗಿ ಪ್ರಾರ್ಥನೆ ಮಾಡಿ, ಹರಕೆ ಹೊರಿ. ಅಲ್ಲಿಗೆ ಆ ಪುಟ ಮುಚ್ಚಿ.

ಮೂರನೆಯ ಪುಟದಲ್ಲಿ ನನ್ನ ಮಾತು, ನನ್ನ ಸಮಯ, ನಾನು ತಿನ್ನುವುದು, ಖರ್ಚು ಮಾಡುವುದು, ಯಾರ ಮಾತಿಗೆ ಕಿವಿ ಕೊಡುತ್ತೇನೆ ಎನ್ನುವುದು. ಮುಂದಿನ ಕೆಲಸವೆಲ್ಲ ಹೆಚ್ಚಾಗಿ ಈ ಪುಟದ ಮೇಲೆ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಹೊಣೆ ಹೊರುವುದು ಅಂದರೆ ತಪ್ಪು ಒಪ್ಪಿಕೊಳ್ಳುವುದಲ್ಲ. ಕ್ಯಾನ್ಸರ್ ಬಂದವರ ಹಾಸಿಗೆ ಪಕ್ಕ ಕೂತು ಹಿಂದಿನ ಜನ್ಮದ ಕರ್ಮ ಅನ್ನುವವರಿದ್ದಾರೆ. ಮಗುವನ್ನು ಕಳೆದುಕೊಂಡ ತಾಯಿಗೆ ನಿನ್ನ ಯೋಚನೆಯೇ ಸರಿ ಇರಲಿಲ್ಲ ಅನ್ನುವ ಬೋಧಕರೂ ಇದ್ದಾರೆ. ಇದು ಅಧ್ಯಾತ್ಮ ಅಲ್ಲ, ಕ್ರೌರ್ಯ. ಚಿಕ್ಕ ವಯಸ್ಸಿನಲ್ಲಿ ಯಾರೋ ನಿಮಗೆ ಕೆಟ್ಟದು ಮಾಡಿದರೆ ಅದರ ಪಾಪ ಮಾಡಿದವರದ್ದು. ಇವತ್ತು ಸಂಜೆ ನಿಮ್ಮನ್ನು ನೀವು ಹೇಗೆ ನೋಡಿಕೊಳ್ಳುತ್ತೀರಿ ಅನ್ನುವುದು ಮಾತ್ರ ನಿಮ್ಮದು.

ಹಂತ 2: ದೂರಿನ ಕೆಳಗೆ ಒಂದು ಕೆಲಸ ಬರೆಯಿರಿ

ಯಾರೋ ಮಾಟ ಮಾಡಿಸಿದ್ದಾರೆ, ದೃಷ್ಟಿ ಬಿದ್ದಿದೆ, ಸಾಡೇಸಾತಿ ನಡೆಯುತ್ತಿದೆ. ಈ ಮಾತುಗಳು ಸುಳ್ಳೋ ನಿಜವೋ ಅಂತ ವಾದ ಮಾಡಲು ನಾನು ಕೂತಿಲ್ಲ. ಆದರೆ ಒಂದನ್ನು ಗಮನಿಸಿ. ಈ ಮಾತು ಹೇಳಿದ ಮೇಲೆ ನಮಗೆ ಮಾಡಲು ಏನೂ ಉಳಿಯುವುದಿಲ್ಲ, ಅಲ್ವಾ? ಕಾಯುವುದು ಒಂದೇ ಉಳಿಯುತ್ತದೆ. ಕಾಯುತ್ತಾ ಕಾಯುತ್ತಾ ಪಕ್ಕದ ಮನೆಯವರ ಮೇಲೆ ದ್ವೇಷ ಬೆಳೆಯುತ್ತದೆ.

ಅದಕ್ಕೆ ಪ್ರತಿ ದೂರಿನ ಕೆಳಗೆ ಇವತ್ತು ನಾನು ಮಾಡಬಹುದಾದ ಒಂದು ಕೆಲಸ ಅಂತ ಬರೆದು ಅದನ್ನು ತುಂಬಿಸಿ. ಅಂಗಡಿಯಲ್ಲಿ ವ್ಯಾಪಾರ ಇಳಿದಿದೆಯಾ? ಮೂರು ತಿಂಗಳ ಲೆಕ್ಕ ಇವತ್ತು ರಾತ್ರಿ ಕೂತು ಬರೆಯುವುದು. ಮಗ ಮಾತು ಕೇಳುವುದಿಲ್ಲವಾ? ಇವತ್ತು ಬೈಯದೆ ಅವನ ಜೊತೆ ಊಟ ಮಾಡುವುದು. ಕೆಲಸ ಅರ್ಧ ಗಂಟೆಯಲ್ಲಿ ಮುಗಿಯುವಂಥದ್ದಾಗಿರಲಿ. ಮಾಡಿದ ಮೇಲೆ ಗೀಟು ಹೊಡೆಯಿರಿ. ಇಷ್ಟು ಸಾಕು, ಇದರಲ್ಲಿ ಜಾಸ್ತಿ ವಿವರಿಸಲು ಏನೂ ಇಲ್ಲ.

ಹಂತ 3: ದಿನಕ್ಕೆ ಹತ್ತು ನಿಮಿಷ, ಒಂದೇ ಸಾಧನೆ

ಇದು ಎಲ್ಲಕ್ಕಿಂತ ಮುಖ್ಯವಾದ ಹಂತ. ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

ಮೊದಲು ಸಾಧನೆ ಆರಿಸಿಕೊಳ್ಳಿ. ನಿಮ್ಮ ಮನೆಯಲ್ಲಿ ಮೊದಲಿನಿಂದ ಇರುವುದೇ ಒಳ್ಳೆಯದು. ಲಿಂಗದೀಕ್ಷೆ ಆದವರಿಗೆ ಇಷ್ಟಲಿಂಗ ಪೂಜೆ ಇದೆ. ಜಪಮಾಲೆ ಇರುವವರು ನಾಮ ಹಿಡಿದು 108 ಮಣಿ ನಿಧಾನವಾಗಿ ತಿರುಗಿಸಿದರೆ ಹತ್ತು ನಿಮಿಷದ ಒಳಗೆ ಮುಗಿಯುತ್ತದೆ. ಮುಸ್ಲಿಮರಿಗೆ ಫಜರ್ ನಮಾಜ್ ಇದೆ, ಕ್ರೈಸ್ತರಿಗೆ ಬೆಳಗಿನ ಪ್ರಾರ್ಥನೆ ಇದೆ. ಇದ್ಯಾವುದೂ ಹತ್ತಿರ ಅನಿಸದವರು ಉಸಿರು ಗಮನಿಸಬಹುದು. ಯೂಟ್ಯೂಬ್ ನೋಡಿ ವಾರಕ್ಕೊಂದು ಹೊಸ ಮಂತ್ರ ಹಿಡಿಯುವುದು ಮಾತ್ರ ಬೇಡ. 41 ದಿನ ಒಂದೇ.

ಉಸಿರಿನ ಸಾಧನೆ ಹೀಗೆ. ಚಾಪೆ ಮೇಲೋ ಕುರ್ಚಿ ಮೇಲೋ ಬೆನ್ನು ನೆಟ್ಟಗೆ ಮಾಡಿ ಕೂರಿ. ಮಂಡಿ ನೋವಿದ್ದರೆ ಪದ್ಮಾಸನದ ಹಟ ಬೇಡ. ಮನಸ್ಸಿನಲ್ಲೇ ನಾಲ್ಕು ಎಣಿಸುತ್ತಾ ಮೂಗಿನಿಂದ ಉಸಿರು ಎಳೆಯಿರಿ. ಆರು ಎಣಿಸುತ್ತಾ ನಿಧಾನವಾಗಿ ಬಿಡಿ. ಉಸಿರು ಕಟ್ಟಿ ಹಿಡಿಯಬೇಡಿ. ಒಂದು ಸುತ್ತಿಗೆ ಸುಮಾರು ಹತ್ತು ಸೆಕೆಂಡು, ಹತ್ತು ನಿಮಿಷಕ್ಕೆ ಅರವತ್ತು ಸುತ್ತು. ಉಸಿರು ಬಿಡುವುದು ಉದ್ದವಾದಾಗ ಎದೆಬಡಿತ ನಿಧಾನವಾಗುತ್ತದೆ, ಮೈ ಸಡಿಲವಾಗುತ್ತದೆ. ಮನಸ್ಸು ಓಡುತ್ತದೆ, ಓಡಲಿ. ಓಡಿದ್ದು ಗೊತ್ತಾದ ತಕ್ಷಣ ಮುಂದಿನ ಉಸಿರಿಗೆ ವಾಪಸ್ ಬನ್ನಿ. ಇವತ್ತು ಇಪ್ಪತ್ತು ಸಲ ಓಡಿತು, ಇಪ್ಪತ್ತು ಸಲ ವಾಪಸ್ ತಂದೆ ಅಂದರೆ ಇವತ್ತಿನ ಸಾಧನೆ ಚೆನ್ನಾಗಿಯೇ ಆಯಿತು ಅಂತ ಅರ್ಥ.

ಕಣ್ಣು ಮುಚ್ಚಿದರೆ ಹಳೆಯ ಭಯದ ನೆನಪುಗಳು ನುಗ್ಗಿ ಬರುವವರಿದ್ದಾರೆ. ಅವರು ಕಣ್ಣು ತೆರೆದೇ ಕೂರಲಿ. ಎದುರಿಗೆ ದೀಪವೋ ತುಳಸಿ ಕಟ್ಟೆಯೋ ಇರಲಿ, ಪಾದ ನೆಲಕ್ಕೆ ತಾಗಿರುವುದನ್ನು ಗಮನಿಸಲಿ. ಅದೂ ಕಷ್ಟವಾದರೆ ನಾಮ ಹೇಳುತ್ತಾ ನಡೆಯಲಿ. ಇಂಥವರು ಹತ್ತು ದಿನದ ಮೌನ ಶಿಬಿರಕ್ಕೆ ಅವಸರ ಮಾಡಬಾರದು. ಹಿಂದೆ ಮನೋರೋಗಕ್ಕೆ ಔಷಧಿ ತೆಗೆದುಕೊಂಡವರು ಡಾಕ್ಟರನ್ನು ಕೇಳದೆ ಹೋಗಲೇಬಾರದು.

ಮುಂದಿನದು ಸಮಯ. ನಾಳೆಯಿಂದ ಬ್ರಾಹ್ಮೀ ಮುಹೂರ್ತಕ್ಕೆ ಏಳುತ್ತೇನೆ ಅನ್ನುವ ಸಂಕಲ್ಪ ಎಷ್ಟೋ ಮನೆಗಳಲ್ಲಿ ಮೂರನೇ ದಿನಕ್ಕೇ ಮುರಿದು ಬೀಳುತ್ತದೆ. ಈಗಾಗಲೇ ತಪ್ಪದೆ ಮಾಡುವ ಯಾವುದಾದರೂ ಕೆಲಸಕ್ಕೆ ಸಾಧನೆಯನ್ನು ಅಂಟಿಸಿ. ಡೇರಿಗೆ ಹಾಲು ಹಾಕಿ ಬಂದ ಮೇಲೆ, ಕೈಕಾಲು ತೊಳೆದು. ಮಕ್ಕಳು ಸ್ಕೂಲ್ ವ್ಯಾನ್ ಹತ್ತಿದ ಮೇಲೆ, ಪಾತ್ರೆಗೆ ಕೈ ಹಾಕುವ ಮೊದಲು. ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗುವವರು ಕ್ಯಾತ್ಸಂದ್ರ ದಾಟಿದ ಮೇಲೆ ಸೀಟಿನಲ್ಲೇ ಕಣ್ಣು ಮುಚ್ಚಬಹುದು. ಸೀಟು ಸಿಗದಿದ್ದರೆ ಕಂಬಿ ಹಿಡಿದು ನಿಂತೇ ನಾಮ ಹೇಳಬಹುದು. ದೇವರ ಮನೆ ಇದ್ದರೇ ಆಗುತ್ತದೆ ಅನ್ನುವ ನಿಯಮ ಇಲ್ಲ.

ತಪ್ಪಿದ ದಿನ ಏನು ಮಾಡುವುದು? ಜ್ವರ ಬರುತ್ತದೆ, ಸಾವು ನೋವು ಆಗುತ್ತದೆ, ಸುಮ್ನೆ ಸೋಮಾರಿತನವೂ ಬರುತ್ತದೆ. ನಿಯಮ ಒಂದೇ: ಒಂದು ದಿನ ತಪ್ಪಬಹುದು, ಸಾಲಾಗಿ ಎರಡು ದಿನ ತಪ್ಪಬಾರದು. ಮರುದಿನ ಪ್ರಾಯಶ್ಚಿತ್ತ ಅಂತ ಇಪ್ಪತ್ತು ನಿಮಿಷ ಕೂರಬೇಡಿ. ಮತ್ತೆ ಹತ್ತೇ ನಿಮಿಷ. ತನ್ನನ್ನು ತಾನು ಬೈದುಕೊಳ್ಳುವುದು ಶಿಸ್ತು ಅಂತ ನಮ್ಮಲ್ಲಿ ಅನೇಕರು ಅಂದುಕೊಂಡಿದ್ದಾರೆ. ಬೈದುಕೊಂಡವರು ಬೇಗ ಬಿಟ್ಟುಬಿಡುತ್ತಾರೆ. ವಾಪಸ್ ಬಂದು ಕೂರುವುದೇ ಶಿಸ್ತು.

ಹಂತ 4: ಸಂಜೆಯ ನಾಲ್ಕು ಸಾಲು, ಆಮೇಲೆ ಕ್ಷಮೆ

ಮಲಗುವ ಮೊದಲು ನೋಟ್‌ಬುಕ್ಕಿನಲ್ಲಿ ನಾಲ್ಕು ಸಾಲು ಬರೆಯಿರಿ. ಇವತ್ತು ಸಾಧನೆ ಆಯಿತಾ. ಎಲ್ಲಿ ಸಿಟ್ಟು ಬಂತು, ಎಷ್ಟು ಹೊತ್ತು ಇತ್ತು. ಯಾರಿಗೆ ನೋವು ಮಾಡಿದೆ. ಯಾವುದು ಒಳ್ಳೆಯದಾಯಿತು. ಕೊನೆಯ ಸಾಲನ್ನು ಬಿಡಬೇಡಿ. ಬರೀ ತಪ್ಪು ಬರೆದರೆ ನೋಟ್‌ಬುಕ್ಕು ತೆರೆಯಲೇ ಭಯವಾಗುತ್ತದೆ. ಓದು ಬರಹ ಬಾರದವರು ದೀಪದ ಮುಂದೆ ಕೂತು ಇದನ್ನೇ ಬಾಯಲ್ಲಿ ಹೇಳಿಕೊಳ್ಳಲಿ.

ಒಂದೆರಡು ವಾರ ಬರೆದ ಮೇಲೆ ಹಿಂದಿನ ಪುಟ ತಿರುಗಿಸಿ. ಸಿಟ್ಟಿಗೆ ಒಂದು ಹೊತ್ತು ಇರುತ್ತದೆ. ಕೆಲವರಿಗೆ ಸಂಜೆ ಕೆಲಸದಿಂದ ಬಂದು ಚಪ್ಪಲಿ ಬಿಡುವ ಹೊತ್ತು, ಕೆಲವರಿಗೆ ಹಸಿವಾದಾಗ, ಕೆಲವರಿಗೆ ತವರಿನ ಫೋನ್ ಬಂದ ಮೇಲೆ. ಹೊತ್ತು ಗೊತ್ತಾದರೆ ಅದಕ್ಕೆ ಮೊದಲೇ ಏನಾದರೂ ಮಾಡಬಹುದು. ಮನೆ ಒಳಗೆ ಕಾಲಿಡುವ ಮೊದಲು ಜಗಲಿಯ ಮೇಲೆ ಎರಡು ನಿಮಿಷ ಕೂರುವುದು, ಸಂಜೆ ಐದಕ್ಕೆ ಒಂದು ಹಿಡಿ ಕಡಲೆಕಾಯಿ ತಿನ್ನುವುದು. ಇಂಥ ಸಣ್ಣ ಉಪಾಯಗಳಿಂದ ಸಂಸಾರಗಳು ತಣ್ಣಗಾಗಿರುವುದು ಉಂಟು.

ನೋವು ಮಾಡಿದ ಸಾಲಿನಲ್ಲಿ ಯಾರದ್ದಾದರೂ ಹೆಸರಿದ್ದರೆ ಮರುದಿನವೇ ಕ್ಷಮೆ ಕೇಳಿ. ಏನು ಮಾಡಿದೆ ಅಂತ ಸ್ಪಷ್ಟವಾಗಿ ಹೇಳಿ. ನಿನ್ನೆ ನಿನ್ನ ತಂಗಿಯ ಮುಂದೆ ನಿನ್ನನ್ನು ಬೈದೆ, ತಪ್ಪಾಯಿತು. ಅಲ್ಲಿಗೆ ನಿಲ್ಲಿಸಿ. ಆದರೆ ನೀನೂ ಹಾಗೆ ಮಾತಾಡಬಾರದಿತ್ತು ಅಂತ ಬಾಲ ಸೇರಿಸಿದರೆ ಅದು ಕ್ಷಮೆ ಅಲ್ಲ, ಎರಡನೇ ಜಗಳ. ಅವರು ಕ್ಷಮಿಸಲೇಬೇಕು ಅಂತ ಕಾಯಬೇಡಿ. ಅದು ಎರಡನೆಯ ಪುಟಕ್ಕೆ ಸೇರಿದ್ದು. ದುಡ್ಡಿನ ವಿಷಯವಾಗಿದ್ದರೆ ಮಾತಿನ ಜೊತೆ ದುಡ್ಡೂ ವಾಪಸ್ ಹೋಗಬೇಕು, ಕಂತಿನಲ್ಲಾದರೂ ಸರಿ.

ಕುಡಿತ ಬಿಡುವವರಿಗಾಗಿ 1935ರಲ್ಲಿ ಅಮೆರಿಕದಲ್ಲಿ ಶುರುವಾದ ಆಲ್ಕೋಹಾಲಿಕ್ಸ್ ಅನಾನಿಮಸ್ ಗುಂಪಿನ ಹನ್ನೆರಡು ಹೆಜ್ಜೆಗಳಲ್ಲೂ ಇದಿದೆ. ನೋವು ಮಾಡಿದವರ ಪಟ್ಟಿ ಮಾಡಿ, ಅವರಿಗೆ ಆದ ನಷ್ಟವನ್ನು ಸರಿಪಡಿಸಬೇಕು. ಹಾಗೆ ಮಾಡುವುದರಿಂದ ಅವರಿಗೇ ಅಥವಾ ಇನ್ನೊಬ್ಬರಿಗೆ ಮತ್ತೆ ನೋವಾಗುವುದಾದರೆ ಮಾತ್ರ ಬೇಡ. ಈ ಕೊನೆಯ ಮಾತು ನನಗೆ ಬಹಳ ಸರಿ ಅನಿಸುತ್ತದೆ. ನಮ್ಮ ಎದೆ ಹಗುರಾಗಲಿ ಅಂತ ಇನ್ನೊಬ್ಬರ ಸಂಸಾರ ಕದಡಲು ನಮಗೆ ಹಕ್ಕಿಲ್ಲ.

ಹಂತ 5: ಮಾಲೆ, ವ್ರತ, ಉಪವಾಸ

ಪ್ರತಿ ವರ್ಷ ಕಾರ್ತಿಕದ ಹೊತ್ತಿಗೆ ಅಯ್ಯಪ್ಪನ ಮಾಲೆ ಹಾಕುತ್ತಾರೆ. 41 ದಿನ ಬರಿಗಾಲು, ತಣ್ಣೀರು ಸ್ನಾನ, ಎರಡು ಹೊತ್ತು ಪೂಜೆ. ಕುಡಿತ ಇಲ್ಲ, ಸಿಗರೇಟು ಇಲ್ಲ, ಬೈಗುಳ ಇಲ್ಲ. ಸಣ್ಣ ಹುಡುಗನನ್ನೂ ಸ್ವಾಮಿ ಅಂತ ಕರೆಯುತ್ತಾರೆ. ಆ ದಿನಗಳಲ್ಲಿ ಮನೆಯವರಿಗೆ ಆಗುವ ನೆಮ್ಮದಿ ನೋಡಬೇಕು. ಮಕ್ಕಳು ಅಪ್ಪನ ಪಕ್ಕ ಕೂತು ಹೋಂವರ್ಕ್ ಮಾಡುತ್ತಾರೆ.

ಆಮೇಲೆ ಶಬರಿಮಲೆಯಿಂದ ಬಂದು ಮಾಲೆ ತೆಗೆಯುತ್ತಾರೆ. ಎಷ್ಟೋ ಮನೆಗಳಲ್ಲಿ ಅದೇ ವಾರ ಬಾಟಲಿ ವಾಪಸ್ ಬರುತ್ತದೆ. ಆ ಮನೆಯ ಹೆಂಗಸರ ಮುಖ ನೆನೆದರೆ ಕರುಳು ಹಿಂಡುತ್ತದೆ.

ಆ ಮನುಷ್ಯನಿಗೆ ಶಕ್ತಿ ಇಲ್ಲ ಅಂತ ಹೇಳಲು ಆಗುವುದಿಲ್ಲ. 41 ದಿನ ಮಾಡಿ ತೋರಿಸಿದ್ದಾರೆ. ಆದರೆ ಆ ಶಿಸ್ತನ್ನು ಮಾಲೆ ಹಿಡಿದುಕೊಂಡಿತ್ತು. ಮಾಲೆ ಇಳಿದಾಗ ಶಿಸ್ತೂ ಇಳಿಯಿತು. ಹಾಗಾಗಿ ಮಾಲೆ ಹಾಕುವವರಿಗೆ ನನ್ನ ವಿನಂತಿ ಇದು. ಮಾಲೆ ತೆಗೆಯುವ ಹತ್ತು ದಿನ ಮೊದಲೇ ನೋಟ್‌ಬುಕ್ಕಿನಲ್ಲಿ ಮಾಲೆ ತೆಗೆದ ಮೇಲಿನ ವಾರದ ಪ್ಲಾನ್ ಬರೆಯಿರಿ. ಸಂಜೆ ಆರರಿಂದ ಒಂಬತ್ತು ಎಲ್ಲಿರುತ್ತೀರಿ? ಕುಡಿಯುವ ಗೆಳೆಯ ಫೋನ್ ಮಾಡಿದರೆ ಏನು ಹೇಳುತ್ತೀರಿ? ಕೈಯಲ್ಲಿ ಎಷ್ಟು ದುಡ್ಡು ಇಟ್ಟುಕೊಳ್ಳುತ್ತೀರಿ? ವ್ರತದ ನಿಯಮಗಳಲ್ಲಿ ಎರಡನ್ನು, ಬೆಳಗಿನ ಪೂಜೆ ಮತ್ತು ಕುಡಿಯದಿರುವುದನ್ನು, ಮಾಲೆ ಇಲ್ಲದೆ ಇನ್ನೊಂದು ಮಂಡಲ ಮುಂದುವರಿಸಿ. ಜೊತೆಗೆ ಮಾಲೆ ಹಾಕಿದ್ದ ಇಬ್ಬರು ಮೂವರು ಸೇರಿ ಮಾಡಿದರೆ ಇನ್ನೂ ಒಳ್ಳೆಯದು. ಗುರುಸ್ವಾಮಿಗೆ ಹೇಳಿ ವಾರಕ್ಕೊಮ್ಮೆ ವಿಚಾರಿಸುವಂತೆ ಕೇಳಿಕೊಳ್ಳಿ.

ಒಂದು ಎಚ್ಚರಿಕೆ, ಇದು ಜೀವದ ವಿಷಯ. ವರ್ಷಗಟ್ಟಲೆ ದಿನಾ ಜಾಸ್ತಿ ಕುಡಿಯುತ್ತಿದ್ದವರು ಮಾಲೆ ಹಾಕುವ ದಿನ ಒಮ್ಮೆಲೇ ನಿಲ್ಲಿಸಿದರೆ ಕೈ ನಡುಕ, ಬೆವರು, ನಿದ್ದೆ ಬಾರದಿರುವುದು ಶುರುವಾಗುತ್ತದೆ. ಮೊದಲ ಎರಡು ಮೂರು ದಿನದಲ್ಲಿ ಫಿಟ್ಸ್ ಬರಬಹುದು. ಇಲ್ಲದ್ದು ಕಾಣಿಸಬಹುದು, ಯಾರು ಎದುರಿಗಿದ್ದಾರೆ ಅಂತ ತಿಳಿಯದೆ ಒದರಾಡಬಹುದು. ಇದನ್ನು ಮೈಮೇಲೆ ಏನೋ ಬಂದಿದೆ ಅಂತ ಅಂದುಕೊಂಡು ಮನೆಯಲ್ಲೇ ಇಟ್ಟುಕೊಂಡರೆ ಪ್ರಾಣ ಹೋಗಬಹುದು. ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಅದಕ್ಕಿಂತ ಒಳ್ಳೆಯದು, ಮಾಲೆ ಹಾಕುವ ಮೊದಲೇ ಡಾಕ್ಟರನ್ನು ಕಂಡು ಅವರ ಔಷಧಿಯ ಆಸರೆಯಲ್ಲಿ ಕುಡಿತ ನಿಲ್ಲಿಸುವುದು.

ಉಪವಾಸಕ್ಕೂ ಇದೇ ಮಾತು. ಶುಗರ್ ಇರುವವರು ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡು ಊಟ ಬಿಟ್ಟರೆ ರಕ್ತದ ಸಕ್ಕರೆ ಅಂಶ ತೀರಾ ಇಳಿದುಬಿಡಬಹುದು. ಬೆವರು, ನಡುಕ, ಕಣ್ಣು ಕತ್ತಲೆ ಬಂದರೆ ವ್ರತಭಂಗ ಅಂತ ಯೋಚಿಸದೆ ಸಕ್ಕರೆ ನೀರು ಕುಡಿಯಿರಿ. ಬಸುರಿಯರು, ಎದೆಹಾಲು ಕೊಡುವವರು ಊಟ ಬಿಡುವ ಬದಲು ಬೇರೆ ಏನಾದರೂ ಬಿಡಲಿ. ಶನಿವಾರ ಚಾಡಿ ಬಿಡುವ ವ್ರತ, ಸೋಮವಾರ ಮೊಬೈಲ್ ಬಿಡುವ ವ್ರತ ಮಾಡಿ ನೋಡಿ. ಊಟ ಬಿಡುವುದಕ್ಕಿಂತ ಕಷ್ಟ ಇದೆ.

ಹಂತ 6: ನಿದ್ದೆ, ಊಟ, ಮೊಬೈಲು

ರಾತ್ರಿ ಮೊಬೈಲನ್ನು ಮಲಗುವ ಕೋಣೆಯಿಂದ ಹೊರಗಿಡಿ. ಎದ್ದೇಳಲು ಬೇಕಿದ್ದರೆ ಒಂದು ಅಲಾರಂ ಗಡಿಯಾರ ತನ್ನಿ. ಒಂದೇ ಹೊತ್ತಿಗೆ ಮಲಗಿ. ರಾತ್ರಿ ಮುದ್ದೆ ಸಾರು ಎಂಟರೊಳಗೆ ಮುಗಿಸಿ. ಸಂಜೆ ಮೇಲೆ ಕಾಫಿ ಬೇಡ. ನಿದ್ದೆ ಕೆಟ್ಟವರಿಗೆ ಯಾವ ಧ್ಯಾನವೂ ಹತ್ತುವುದಿಲ್ಲ. ಕೂತಲ್ಲೇ ತೂಕಡಿಕೆ ಬರುತ್ತದೆ.

ಹಂತ 7: ಹಳೆಯ ಗಾಯ

ಮರೆತುಬಿಡು, ಕ್ಷಮಿಸಿಬಿಡು ಅಂತ ಎಲ್ಲರೂ ಹೇಳುತ್ತಾರೆ. ಗಾಯ ತೊಳೆಯದೆ ಬಟ್ಟೆ ಕಟ್ಟಬಾರದು. ಮೊದಲು ಏನಾಯಿತು ಅಂತ ಬರೆಯಿರಿ. ನಂಬಿಕೆ ಇರುವ ಒಬ್ಬರ ಹತ್ತಿರ ಹೇಳಿ. ಅಳು ಬಂದರೆ ಅಳಿ. ಕ್ಷಮೆ ತಾನಾಗಿ ಬರಬಹುದು, ತಡವಾಗಿ ಬರಬಹುದು. ಬಾರದಿದ್ದರೂ ನಿಮ್ಮ ಸಾಧನೆ ಕೆಡುವುದಿಲ್ಲ.

ಇನ್ನೂ ಒಂದು. ಕ್ಷಮಿಸುವುದು ಬೇರೆ, ಹೊಡೆಯುವ ಗಂಡನ ಮನೆಗೆ ವಾಪಸ್ ಹೋಗುವುದು ಬೇರೆ. ಸಹನೆಯೇ ಧರ್ಮ ಅಂತ ಹೇಳಿ ಹೆಣ್ಣುಮಕ್ಕಳನ್ನು ಹೊಡೆತದ ಮನೆಗೆ ಕಳಿಸುವ ಹಿರಿಯರು ದಯವಿಟ್ಟು ಇದನ್ನು ಎರಡು ಸಲ ಓದಿ. ತನ್ನ ಮೈ ಕಾಪಾಡಿಕೊಳ್ಳುವುದು ಕೂಡ ಅವಳ ಹೊಣೆಯೇ. ಮಹಿಳಾ ಸಹಾಯವಾಣಿ 181, ತುರ್ತು ಸಹಾಯಕ್ಕೆ 112.

ಹಂತ 8: ಗುರುವನ್ನು ಆರಿಸುವಾಗ

ಹೊಣೆ ನಮ್ಮದು ಅಂದರೆ ಗುರು ಬೇಡ ಅಂತ ಅಲ್ಲ. ಒಂಟಿಯಾಗಿ ಮಾಡುವ ಸಾಧನೆ ಬೇಗ ಒಣಗುತ್ತದೆ. ವಾರಕ್ಕೊಮ್ಮೆ ಭಜನೆಗೋ ಶಿವಾನುಭವ ಗೋಷ್ಠಿಗೋ ಹೋಗಿ. ಗುರುವನ್ನು ಒಪ್ಪಿಕೊಳ್ಳುವ ಮೊದಲು ಮಾತ್ರ ನಾಲ್ಕು ಕಡೆ ವಿಚಾರಿಸಿ. ಅವರ ಹತ್ತಿರ ವರ್ಷಗಟ್ಟಲೆ ಇರುವವರು ಹೇಗಾಗಿದ್ದಾರೆ ಅಂತ ನೋಡಿ. ತಮ್ಮ ಕಾಲ ಮೇಲೆ ನಿಂತಿದ್ದಾರಾ, ಅಥವಾ ಮಗಳ ಮದುವೆಯಿಂದ ಹಿಡಿದು ಬೋರ್‌ವೆಲ್ ಪಾಯಿಂಟ್ ತನಕ ಎಲ್ಲಕ್ಕೂ ಅಪ್ಪಣೆಗೆ ಕಾಯುತ್ತಿದ್ದಾರಾ?

ಔಷಧಿ ನಿಲ್ಲಿಸು ಅನ್ನುವವರು, ಭಯ ಹುಟ್ಟಿಸಿ ದುಡ್ಡು ಕೇಳುವವರು, ಮನೆಯವರಿಗೆ ಹೇಳಬೇಡ ಅನ್ನುವವರು, ಹೆಂಗಸರನ್ನು ಒಂಟಿಯಾಗಿ ಬರಹೇಳುವವರು. ಇಂಥವರ ಹತ್ತಿರ ಎರಡನೇ ಸಲ ಹೋಗಬೇಡಿ. ಮಾಟ, ಮಂತ್ರದ ಹೆಸರಿನಲ್ಲಿ ಹಿಂಸೆ ಮಾಡುವುದನ್ನು ತಡೆಯಲು ನಮ್ಮ ರಾಜ್ಯದಲ್ಲಿ 2017ರ ಕಾಯ್ದೆ ಇದೆ, 2020ರ ಜನವರಿಯಿಂದ ಜಾರಿಯಲ್ಲಿದೆ. ಪೂಜೆ, ಭಜನೆ, ಯಾತ್ರೆಗೆ ಅದರಿಂದ ಅಡ್ಡಿ ಇಲ್ಲ. ದೆವ್ವ ಬಿಡಿಸುತ್ತೇನೆ ಅಂತ ಹೊಡೆದರೆ, ಹಗ್ಗದಲ್ಲಿ ಕಟ್ಟಿ ಹಾಕಿದರೆ ಪೊಲೀಸರಿಗೆ ದೂರು ಕೊಡಬಹುದು.

ಒಳ್ಳೆಯ ಗುರು ನಿಮ್ಮ ಕೆಲಸವನ್ನು ನಿಮಗೇ ವಾಪಸ್ ಕೊಡುತ್ತಾರೆ. ನಾನು ಗುರುತು ಹಿಡಿಯುವುದು ಇದರಿಂದಲೇ.

ಹಂತ 9: ಇನ್ನೊಬ್ಬರ ಎಲೆಗೆ ಅನ್ನ

ಮೂರು ನಾಲ್ಕು ವಾರ ತನ್ನೊಳಗೇ ನೋಡಿಕೊಂಡವರಿಗೆ ಒಂದು ಅಪಾಯ ಇದೆ. ದಿನವೆಲ್ಲ ನನ್ನ ನೋವು, ನನ್ನ ಬೆಳವಣಿಗೆ, ನನ್ನ ಶಾಂತಿ ಅನ್ನುವುದೇ ಆಗಿಬಿಡುತ್ತದೆ. ಅದಕ್ಕೆ ನಮ್ಮ ತುಮಕೂರಿನಲ್ಲೇ ಮದ್ದು ಇದೆ.

ಸಿದ್ಧಗಂಗಾ ಮಠದ ಶಿವಕುಮಾರ ಸ್ವಾಮೀಜಿ 1907ರ ಏಪ್ರಿಲ್ 1ರಂದು ಹುಟ್ಟಿದರು, 2019ರ ಜನವರಿ 21ರಂದು ಲಿಂಗೈಕ್ಯರಾದರು. 1941ರಲ್ಲಿ ಮಠದ ಹೊಣೆ ಹೊತ್ತವರು ಎಪ್ಪತ್ತೇಳು ವರ್ಷಕ್ಕೂ ಹೆಚ್ಚು ಕಾಲ ಅದನ್ನು ಇಳಿಸಲಿಲ್ಲ. ನಸುಕಿನಲ್ಲಿ ಎದ್ದು ಸ್ನಾನ, ಇಷ್ಟಲಿಂಗ ಪೂಜೆ, ಮಿತವಾದ ಊಟ. ಆಮೇಲೆ ದಿನವಿಡೀ ಮಕ್ಕಳು, ಭಕ್ತರು, ಮಠದ ಕೆಲಸ. ಅನ್ನ, ಅಕ್ಷರ, ಆಶ್ರಯ ಈ ಮೂರನ್ನೂ ಸಾವಿರಾರು ಬಡ ಮಕ್ಕಳಿಗೆ ಜಾತಿ ಕೇಳದೆ ಕೊಟ್ಟರು. ಪೂಜೆ ಬೇರೆ, ದಾಸೋಹ ಬೇರೆ ಅಂತ ಅವರ ದಿನಚರಿಯಲ್ಲಿ ಗೆರೆ ಎಳೆಯಲು ಆಗುವುದಿಲ್ಲ.

ಅವರ ಹಾಗೆ ನಸುಕಿನಲ್ಲಿ ಏಳಲು ನಮ್ಮಿಂದ ಆಗದಿರಬಹುದು. ದಿನಾ ಅದೇ ಹೊತ್ತಿಗೆ, ಅದೇ ಕೆಲಸಕ್ಕೆ ಹಾಜರಾಗುವುದನ್ನು ಕಲಿಯಬಹುದು. ವಾರಕ್ಕೆ ಎರಡು ಗಂಟೆ ತೆಗೆದಿಡಿ. ಹತ್ತಿರದ ಮಠದಲ್ಲೋ ದೇವಸ್ಥಾನದಲ್ಲೋ ತರಕಾರಿ ಹೆಚ್ಚಿ, ಎಲೆ ಎತ್ತಿ, ಪಾತ್ರೆ ತೊಳೆಯಿರಿ. ಬೀದಿಯಲ್ಲಿ ಒಂಟಿಯಾಗಿರುವ ಅಜ್ಜಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಚೀಟಿ ಮಾಡಿಸಿ, ಮಾತ್ರೆ ತಂದುಕೊಡಿ. ಫೋಟೋ ತೆಗೆದು ಸ್ಟೇಟಸ್ ಹಾಕಬೇಡಿ. ಮನೆಯಲ್ಲಿ ಹಾಸಿಗೆ ಹಿಡಿದ ಹಿರಿಯರನ್ನು ನೋಡಿಕೊಳ್ಳುತ್ತಿರುವವರು ಹೊರಗೆ ಎಲ್ಲೂ ಹೋಗಬೇಕಾಗಿಲ್ಲ. ಅವರ ದಾಸೋಹ ಆಗಲೇ ನಡೆಯುತ್ತಿದೆ. ಅವರಿಗೆ ಬೇಕಿರುವುದು ವಾರಕ್ಕೆ ಎರಡು ಗಂಟೆ ವಿಶ್ರಾಂತಿ. ಅದನ್ನು ಮನೆಯ ಉಳಿದವರು ಕೊಡಬೇಕು.

41 ದಿನ ಆದ ಮೇಲೆ

ಬೆಳಕು ಕಂಡಿತಾ, ಮೈ ಜುಮ್ ಅಂತಾ, ಕನಸಿನಲ್ಲಿ ದೇವರು ಬಂದರಾ ಅಂತ ಜನ ಕೇಳುತ್ತಾರೆ. ಕಂಡರೆ ಸಂತೋಷ. ಆದರೆ ಅಳೆಯಬೇಕಾದ್ದು ಅದನ್ನಲ್ಲ. ಸಂಜೆಯ ಸಾಲುಗಳನ್ನು ತೆಗೆದು ನೋಡಿ. ಮೊದಲ ವಾರ ಸಿಟ್ಟು ಎಷ್ಟು ಹೊತ್ತು ಇರುತ್ತಿತ್ತು, ಈಗ ಎಷ್ಟು ಹೊತ್ತು? ಕ್ಷಮೆ ಕೇಳಲು ಮೊದಲು ಎಷ್ಟು ದಿನ ಬೇಕಾಗುತ್ತಿತ್ತು? ನಿದ್ದೆ ಹೇಗಿದೆ? ಮನೆಯವರನ್ನೂ ಕೇಳಿ: ನನ್ನ ಜೊತೆ ಇರುವುದು ಮೊದಲಿಗಿಂತ ಸುಲಭವಾಗಿದೆಯಾ? ಅವರು ಏನು ಹೇಳಿದರೂ ವಾದ ಮಾಡದೆ ಬರೆದುಕೊಳ್ಳಿ.

ಏನೂ ಬದಲಾಗಿಲ್ಲ ಅಂತ ಕಂಡರೆ ಮೊದಲ ಪುಟಕ್ಕೆ ವಾಪಸ್ ಹೋಗಿ. ಡಾಕ್ಟರಿಗೆ ತೋರಿಸಬೇಕಾದ್ದು ಏನಾದರೂ ಉಳಿದಿದೆಯಾ ನೋಡಿ. ಇಲ್ಲದಿದ್ದರೆ ಅದೇ ಸಾಧನೆಯನ್ನು ಇನ್ನೊಂದು ಮಂಡಲ ಮಾಡಿ. ಗುಬ್ಬಿ ಕಡೆ ಅಡಿಕೆ ಸಸಿ ನೆಟ್ಟವರು ಫಸಲಿಗೆ ಐದಾರು ವರ್ಷ ನೀರು ಹಾಯಿಸುತ್ತಾ ಕಾಯುತ್ತಾರೆ. ಮನಸ್ಸಿಗೂ ಅಷ್ಟು ತಾಳ್ಮೆ ಕೊಡಬಹುದು.

ಸ್ವಲ್ಪ ಬದಲಾಗಿದೆ ಅಂತ ಕಂಡರೆ ಎಲ್ಲವನ್ನೂ ಒಟ್ಟಿಗೆ ಹೆಚ್ಚಿಸಬೇಡಿ. ಹತ್ತು ನಿಮಿಷವನ್ನು ಹದಿನೈದು ಮಾಡಿ, ಅಥವಾ ವಾರದ ಸೇವೆಗೆ ಒಂದು ಗಂಟೆ ಸೇರಿಸಿ. ಎರಡರಲ್ಲಿ ಒಂದು ಸಾಕು. ಮೂರನೆಯ ಪುಟವನ್ನು ಹೊಸದಾಗಿ ಬರೆಯಿರಿ. ಹಳೆಯ ಪಟ್ಟಿಯಲ್ಲಿ ಗೀಟು ಹೊಡೆದದ್ದನ್ನು ಬಿಟ್ಟು, ಉಳಿದದ್ದರಲ್ಲಿ ಮೇಲಿನದ್ದನ್ನು ನಾಳೆ ಶುರು ಮಾಡಿ.